ಮಾರಿದ ನೆಲವನ್ನು ಮರಳಿ ಕೊಂಡ ರಾಜ್ಯ



ನಿಮ್ಮ ಮನೆಯವರು ಎಂದಾದರೂ ಒಂದು ನಿವೇಶನವನ್ನೋ ಎರಡೆಕರೆ ಹೊಲವನ್ನೋ ಕೊಂಡಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಕ್ರಯಪತ್ರ ನೋಂದಣಿಯಾಗಬೇಕಾದರೆ ಜಮೀನಿನ ಬೆಲೆಗೆ ತಕ್ಕಂತೆ ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಹಿಂದೆ ಛಾಪಾ ಕಾಗದ ಕೊಳ್ಳುವುದರ ಮೂಲಕ ಅದನ್ನು ಕಟ್ಟುತ್ತಿದ್ದರು. ಆ ಹಣ ಸರ್ಕಾರದ ಬೊಕ್ಕಸಕ್ಕೆ ಸೇರಿ ಸಂಬಳ, ರಸ್ತೆ, ಶಾಲೆ, ಆಸ್ಪತ್ರೆ ಎಂದು ಹತ್ತಾರು ದಾರಿಗಳಲ್ಲಿ ಖರ್ಚಾಗುತ್ತದೆ. ಈಗ ಒಂದು ಪ್ರಶ್ನೆ. ನೆಲದ ಮಾರಾಟದಿಂದ ಬರುವ ಈ ಹಣದಲ್ಲಿ ಒಂದು ಪಾಲನ್ನು, ಎಂದೂ ಮಾರಾಟವಾಗಬಾರದ ನೆಲವನ್ನು ಉಳಿಸುವುದಕ್ಕಾಗಿ ಎತ್ತಿಡಬಹುದೇ?

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿರುವ ಫ್ಲಾರಿಡಾ ರಾಜ್ಯ ಈ ಪ್ರಶ್ನೆಗೆ ‘ಎತ್ತಿಡಬಹುದು’ ಎಂಬ ಉತ್ತರವನ್ನು ಕೊಟ್ಟಿತು. ಆ ಉತ್ತರದಿಂದ ಲಕ್ಷಾಂತರ ಎಕರೆ ಕಾಡು, ಜೌಗು ಪ್ರದೇಶ, ನದೀತೀರ ಉಳಿದವು. ಆದರೆ ಅದೇ ರಾಜ್ಯದಲ್ಲಿ ಜನರು ಮತ ಹಾಕಿ ಸಂವಿಧಾನದಲ್ಲಿಯೇ ಬರೆಸಿದ ಮೇಲೂ ನೆಲ ಕೊಳ್ಳುವ ನಿಧಿಗೆ ಒಂದು ಕಾಸೂ ಸಿಗದ ವರ್ಷಗಳಿವೆ. ಹೀಗೇಕಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಇದು ಕಾಡಿನ ಕಥೆಯಷ್ಟೇ ಅಲ್ಲ. ಒಳ್ಳೆಯ ಕೆಲಸಕ್ಕೆ ಹಣ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ, ಯಾರ ಕೈ ದಾಟಿ ಬರುತ್ತದೆ ಎಂಬುದರ ಕಥೆಯೂ ಹೌದು.

ಕವಡೆ ಬೆಲೆಗೆ ಹೋದ ಭೂಮಿ

ಫ್ಲಾರಿಡಾ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಮೂರು ಕಡೆ ಸಮುದ್ರವಿರುವ ಈ ರಾಜ್ಯ ಬಹುಮಟ್ಟಿಗೆ ಸಮತಟ್ಟು. ಅಲ್ಲಿಯ ಅತಿ ಎತ್ತರದ ಸ್ಥಳ ಸಮುದ್ರ ಮಟ್ಟದಿಂದ ಸುಮಾರು 105 ಮೀಟರ್ ಮಾತ್ರ. ಆದ್ದರಿಂದ ಮಳೆಯ ನೀರು ಬೇಗ ಹರಿದುಹೋಗದೆ ನಿಲ್ಲುತ್ತದೆ. ದಕ್ಷಿಣದಲ್ಲಿ ಓಕೀಚೋಬಿ ಎಂಬ ದೊಡ್ಡ ಸರೋವರವಿದೆ. ಅದರ ಕೆಳಗೆ ಹುಲ್ಲಿನ ನಡುವೆ ನಿಧಾನವಾಗಿ ಹರಿಯುವ ತೆಳುವಾದ ನೀರಿನ ಹಾಸು, ಅಂದರೆ ಎವರ್‌ಗ್ಲೇಡ್ಸ್ ಇದೆ.

ಹತ್ತೊಂಬತ್ತನೆಯ ಶತಮಾನದವರ ಕಣ್ಣಿಗೆ ಇದು ಕೆಲಸಕ್ಕೆ ಬಾರದ ಕೆಸರು. 1850ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಜೌಗು ಭೂಮಿಗಳನ್ನು ಆಯಾ ರಾಜ್ಯಗಳಿಗೆ ಬಿಟ್ಟುಕೊಡುವ ಕಾನೂನು ಮಾಡಿತು. ಇದರಿಂದ ಫ್ಲಾರಿಡಾಕ್ಕೆ ಕ್ರಮೇಣ ಸುಮಾರು 2 ಕೋಟಿ ಎಕರೆ ದೊರೆಯಿತು. ರಾಜ್ಯವು ಈ ಭೂಮಿಯನ್ನು ಒಂದು ನಿಧಿಗೆ ಸೇರಿಸಿ, ಅದರ ಆಧಾರದ ಮೇಲೆ ರೈಲು ಕಂಪನಿಗಳ ಸಾಲಕ್ಕೆ ಜಾಮೀನು ನಿಂತಿತು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆ ಕಂಪನಿಗಳು ನೆಲಕಚ್ಚಿದವು. ಸಾಲ ಮಾತ್ರ ಉಳಿಯಿತು. ನಿಧಿ ನ್ಯಾಯಾಲಯದ ವಶಕ್ಕೆ ಹೋಯಿತು.

ಈ ಇಕ್ಕಟ್ಟಿನಿಂದ ಪಾರಾಗಲು 1881ರಲ್ಲಿ ರಾಜ್ಯವು ಫಿಲಡೆಲ್ಫಿಯಾದ ಗರಗಸ ತಯಾರಿಕೆಯ ಮನೆತನದ ಹ್ಯಾಮಿಲ್ಟನ್ ಡಿಸ್ಟನ್ ಎಂಬ ಉದ್ಯಮಿಗೆ 40 ಲಕ್ಷ ಎಕರೆಯನ್ನು 10 ಲಕ್ಷ ಡಾಲರಿಗೆ ಮಾರಿತು. ಲೆಕ್ಕ ಹಾಕಿ ನೋಡಿ, ಎಕರೆಗೆ 25 ಸೆಂಟ್, ಅಂದರೆ ಕಾಲು ಡಾಲರ್! ಆಗಿನ ಡಾಲರಿಗೆ ಬೆಲೆ ಹೆಚ್ಚಿತ್ತು, ನಿಜ. ಆದರೂ ಅದು ಸಾಲದ ಕುತ್ತಿಗೆಯಿಂದ ಬಿಡಿಸಿಕೊಳ್ಳಲು ಮಾಡಿದ ಮಾರಾಟವೇ ಹೊರತು ಬೇರೇನಲ್ಲ. ಈ ಘಟನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಸರ್ಕಾರದ ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲಿ ನೆಲದ ಗತಿ ಏನಾಗುತ್ತದೆ ಎಂಬುದಕ್ಕೆ ಇದು ಮೊದಲ ಪಾಠ.

ಮುಂದೆ ಕಾಲುವೆ ತೋಡಿ ಜೌಗನ್ನು ಬತ್ತಿಸುವ ಕೆಲಸ ನಡೆಯಿತು. 1905ರಿಂದ 1909ರವರೆಗೆ ರಾಜ್ಯಪಾಲನಾಗಿದ್ದ ನೆಪೋಲಿಯನ್ ಬ್ರೊವಾರ್ಡ್ ಎವರ್‌ಗ್ಲೇಡ್ಸನ್ನು ಬತ್ತಿಸುವುದನ್ನೇ ತನ್ನ ಮುಖ್ಯ ಕಾರ್ಯಕ್ರಮವಾಗಿ ಮಾಡಿಕೊಂಡಿದ್ದ. ಅಮೆರಿಕದಲ್ಲಿ ರಾಜ್ಯಪಾಲನೆಂದರೆ ಜನರೇ ಆರಿಸುವ ಆಡಳಿತದ ಮುಖ್ಯಸ್ಥ, ನಮ್ಮ ಮುಖ್ಯಮಂತ್ರಿಯ ಹಾಗೆ ಎಂಬುದನ್ನು ಗಮನಿಸಿ. 1920ರ ದಶಕದಲ್ಲಿ ನಿವೇಶನಗಳ ಹುಚ್ಚು ಹಿಡಿದು, ನೋಡದ ಜಾಗವನ್ನೂ ಜನ ದೂರದ ಊರುಗಳಲ್ಲಿ ಕುಳಿತೇ ಕೊಂಡರು. 1926ರ ಹೊತ್ತಿಗೆ ಆ ಗುಳ್ಳೆ ಒಡೆಯಿತು. 1928ರ ಚಂಡಮಾರುತದಲ್ಲಿ ಓಕೀಚೋಬಿ ಸರೋವರದ ನೀರು ದಂಡೆ ಮೀರಿ ನುಗ್ಗಿ 2,000ಕ್ಕೂ ಹೆಚ್ಚು ಮಂದಿ ಸತ್ತರು. ನೀರು ತನ್ನ ಜಾಗವನ್ನು ಮರೆತಿರಲಿಲ್ಲ.

ಮನಸ್ಸು ಬದಲಾದ ಕಾಲ

1947ರಲ್ಲಿ ಎರಡು ಸಂಗತಿಗಳು ನಡೆದವು. ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ ಎಂಬ ಲೇಖಕಿ ಎವರ್‌ಗ್ಲೇಡ್ಸ್ ಕುರಿತು ಬರೆದ ಪುಸ್ತಕ ಪ್ರಕಟವಾಯಿತು. ಅದು ಕೊಳೆತ ಕೆಸರಲ್ಲ, ಹರಿಯುವ ಹುಲ್ಲಿನ ನದಿ ಎಂಬ ತಿಳಿವಳಿಕೆ ಜನರಲ್ಲಿ ಮೂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಉದ್ಘಾಟನೆಯಾಯಿತು.

ಆದರೆ ಒಂದು ಕಡೆ ಉಳಿಸುವ ಮಾತು ನಡೆಯುತ್ತಿದ್ದಂತೆಯೇ ಇನ್ನೊಂದು ಕಡೆ ಕೆಡಿಸುವ ಕೆಲಸವೂ ನಡೆದಿತ್ತು. ಪ್ರವಾಹವನ್ನು ತಡೆಯುವ ಉದ್ದೇಶದಿಂದ 1962ರಿಂದ 1971ರವರೆಗೆ ಕಿಸಿಮಿ ನದಿಯನ್ನು ನೇರ ಮಾಡಲಾಯಿತು. ಅಂಕುಡೊಂಕಾಗಿ 103 ಮೈಲಿ ಹರಿಯುತ್ತಿದ್ದ ನದಿ 56 ಮೈಲಿಯ ಕಾಲುವೆಯಾಯಿತು. ನದಿಯ ಇಕ್ಕೆಲದ ಜೌಗು ಒಣಗಿತು, ಹಕ್ಕಿಗಳು ದೂರವಾದವು. ಮುಂದೆ ಇದೇ ನದಿಯ ಒಂದು ಭಾಗಕ್ಕೆ ಹಳೆಯ ತಿರುವುಗಳನ್ನು ಮರಳಿ ಕೊಡುವ ಕಾಮಗಾರಿ 1999ರಲ್ಲಿ ಆರಂಭವಾಗಿ 2021ರಲ್ಲಿ ಮುಗಿಯಿತು. ಅದಕ್ಕಾಗಿ ನದಿಯ ಬಯಲಿನ ಭೂಮಿಯನ್ನು ಸರ್ಕಾರ ಹಣ ಕೊಟ್ಟು ಕೊಳ್ಳಬೇಕಾಯಿತು.

ಈ ನಡುವೆ ಜನಸಂಖ್ಯೆ ಏರುತ್ತಲೇ ಇತ್ತು. 1950ರಲ್ಲಿ ಸುಮಾರು 28 ಲಕ್ಷವಿದ್ದ ಜನ 1970ಕ್ಕೆ 68 ಲಕ್ಷವಾದರು. 1990ಕ್ಕೆ 1 ಕೋಟಿ 29 ಲಕ್ಷ, 2020ಕ್ಕೆ 2 ಕೋಟಿ 15 ಲಕ್ಷ. ಬಂದವರಿಗೆಲ್ಲ ಮನೆ ಬೇಕು, ರಸ್ತೆ ಬೇಕು, ನೀರು ಬೇಕು. ಇಲ್ಲಿ ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಫ್ಲಾರಿಡಾದ ಜನ ಕುಡಿಯುವ ನೀರಿನ ಬಹುಭಾಗ ನೆಲದಡಿಯ ಸುಣ್ಣಕಲ್ಲಿನ ಪದರಗಳಿಂದ ಬರುತ್ತದೆ. ಮಳೆ ಇಂಗುವ ಬಯಲನ್ನೆಲ್ಲ ಕಾಂಕ್ರೀಟು ಮುಚ್ಚಿದರೆ ಆ ನೀರು ತುಂಬುವುದು ಹೇಗೆ? ಕಾಡು ಉಳಿಸುವುದು ಪ್ರಾಣಿಪ್ರಿಯರ ಹವ್ಯಾಸ ಮಾತ್ರವಲ್ಲ, ನಲ್ಲಿಯ ನೀರಿನ ಪ್ರಶ್ನೆ ಕೂಡ ಎಂಬುದು ಅಲ್ಲಿಯ ಜನರಿಗೆ ನಿಧಾನವಾಗಿ ಅರಿವಾಯಿತು.

ಹಣ ಎಲ್ಲಿಂದ?

ನೆಲವನ್ನು ಉಳಿಸುವ ಗಟ್ಟಿಯಾದ ದಾರಿ ಎಂದರೆ ಮಾಲೀಕ ಒಪ್ಪಿದಾಗ ಸರಿಯಾದ ಬೆಲೆ ಕೊಟ್ಟು ಅದನ್ನು ಕೊಂಡುಬಿಡುವುದು. ಆದರೆ ಬೆಲೆ ಕೊಡಲು ಹಣ ಎಲ್ಲಿಂದ ತರುವುದು?

1963ರಲ್ಲಿ ರಾಜ್ಯವು ಭೂಖರೀದಿಗಾಗಿ ಒಂದು ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿತು. ಅದಕ್ಕೆ ಆದಾಯ ತಂದದ್ದು ಈಜುಡುಗೆ ಮೊದಲಾದ ಹೊರಾಂಗಣ ವಿಹಾರದ ಬಟ್ಟೆ ಮತ್ತು ಸಲಕರಣೆಗಳ ಮೇಲಿನ ಶೇಕಡ 5ರ ತೆರಿಗೆ. ಸಮುದ್ರತೀರದಲ್ಲಿ ವಿಹರಿಸುವವರೇ ಸಮುದ್ರತೀರವನ್ನು ಉಳಿಸಲಿ ಎಂಬ ತರ್ಕ. 1972ರಲ್ಲಿ ರಾಜ್ಯಪಾಲ ರೂಬಿನ್ ಆಸ್ಕ್ಯೂ ಅವರ ಕಾಲದಲ್ಲಿ ಅಪಾಯದಲ್ಲಿದ್ದ ಪ್ರದೇಶಗಳನ್ನು ಕೊಳ್ಳುವುದಕ್ಕಾಗಿ ದೊಡ್ಡ ಹೆಜ್ಜೆಯೊಂದನ್ನು ಇಡಲಾಯಿತು. 24 ಕೋಟಿ ಡಾಲರ್ ಸಾಲ ಎತ್ತಲು ಮತದಾರರೇ ಒಪ್ಪಿಗೆ ಕೊಟ್ಟರು. 1979ರಲ್ಲಿ ಇನ್ನೊಂದು ಕಾರ್ಯಕ್ರಮ ಬಂತು. ಅದಕ್ಕೆ ಆಧಾರ ಫಾಸ್ಫೇಟ್ ಮೊದಲಾದ ಖನಿಜಗಳನ್ನು ಅಗೆದು ತೆಗೆಯುವವರು ಕಟ್ಟುವ ತೆರಿಗೆ. ಭೂಮಿಯನ್ನು ಅಗೆದವರಿಂದ ಪಡೆದು ಬೇರೊಂದು ಕಡೆಯ ಭೂಮಿಯನ್ನು ಉಳಿಸುವುದು ಇದರ ಹಿಂದಿನ ತರ್ಕ. 1981ರಲ್ಲಿ ಕರಾವಳಿಗೆ ಒಂದು, ನದಿಗಳಿಗೆ ಒಂದು ಎಂದು ಮತ್ತೆರಡು ಯೋಜನೆಗಳು ಸೇರಿದವು.

ಇವೆಲ್ಲಕ್ಕಿಂತ ದೊಡ್ಡ ಆದಾಯವಾಗಿ ಒದಗಿಬಂದದ್ದು ನಾವು ಆರಂಭದಲ್ಲಿ ಹೇಳಿದ ಮುದ್ರಾಂಕ ತೆರಿಗೆ. ಫ್ಲಾರಿಡಾದಲ್ಲಿ ಇದು 1931ರಿಂದ ಇದೆ. ಆಸ್ತಿ ಮಾರಾಟವಾದಾಗ ಬಹುತೇಕ ಜಿಲ್ಲೆಗಳಲ್ಲಿ ಪ್ರತಿ 100 ಡಾಲರ್ ಬೆಲೆಗೆ 70 ಸೆಂಟ್ ಕಟ್ಟಬೇಕು. ಅಂದರೆ 1 ಲಕ್ಷ ಡಾಲರಿನ ಮನೆಗೆ 700 ಡಾಲರ್. ಸಾಲದ ಪತ್ರಗಳ ಮೇಲೂ ಬೇರೆ ದರದಲ್ಲಿ ಈ ತೆರಿಗೆ ಇದೆ. ಜನ ಬರುತ್ತಲೇ ಇರುವ, ಮನೆಗಳು ಕೈ ಬದಲಾಗುತ್ತಲೇ ಇರುವ ರಾಜ್ಯದಲ್ಲಿ ಇದು ಬತ್ತದ ಒರತೆಯಂತೆ ಕಂಡಿತು. ನೆಲವನ್ನು ನುಂಗುವ ಬೆಳವಣಿಗೆಯೇ ನೆಲವನ್ನು ಉಳಿಸುವ ಹಣವನ್ನೂ ಕೊಡಲಿ ಎಂಬ ವಾದ ನ್ಯಾಯವಾಗಿಯೂ ಇತ್ತು.

ಸಾಲ ಮಾಡಿ ಕಾಡು ಕೊಂಡ ದಶಕ

1990ರ ಹೊತ್ತಿಗೆ ರಾಜ್ಯಪಾಲ ಬಾಬ್ ಮಾರ್ಟಿನೆಜ್ ನೇಮಿಸಿದ್ದ ಆಯೋಗವೊಂದು ಒಂದು ಎಚ್ಚರಿಕೆಯನ್ನು ನೀಡಿತು. ಆಗಿನ ವೇಗದಲ್ಲಿಯೇ ಬೆಳವಣಿಗೆ ಸಾಗಿದರೆ 2020ರೊಳಗೆ ಸುಮಾರು 30 ಲಕ್ಷ ಎಕರೆ ಕಾಡು ಮತ್ತು ಜೌಗು ಬೇರೆ ಬಳಕೆಗೆ ಹೋಗಲಿದೆ ಎಂಬುದೇ ಆ ಎಚ್ಚರಿಕೆ. ವರ್ಷವರ್ಷವೂ ಚೂರುಪಾರು ಹಣ ಕೂಡಿಸಿ ಕೊಳ್ಳುತ್ತಾ ಹೋದರೆ ಬೆಲೆ ಏರುವ ವೇಗಕ್ಕೆ ಹೊಂದುವುದು ಸಾಧ್ಯವಿರಲಿಲ್ಲ.

ಆ ವರ್ಷವೇ ‘ಪ್ರಿಸರ್ವೇಶನ್ 2000’ ಎಂಬ ಯೋಜನೆ ಜಾರಿಗೆ ಬಂತು. ವರ್ಷಕ್ಕೆ 30 ಕೋಟಿ ಡಾಲರಿನಂತೆ ಹತ್ತು ವರ್ಷ, ಒಟ್ಟು 300 ಕೋಟಿ ಡಾಲರ್. ಈ ಹಣವನ್ನು ಬಾಂಡುಗಳ ಮೂಲಕ, ಅಂದರೆ ಸಾರ್ವಜನಿಕರಿಗೆ ಸಾಲಪತ್ರ ಮಾರಿ ಎತ್ತುವುದು. ಅಸಲು ಮತ್ತು ಬಡ್ಡಿಯನ್ನು ಮುಂದಿನ ವರ್ಷಗಳ ಮುದ್ರಾಂಕ ತೆರಿಗೆಯಿಂದ ತೀರಿಸುವುದು. ನಮ್ಮಲ್ಲಿ ಮನೆ ಕಟ್ಟಲು ಸಾಲ ತೆಗೆದು ಇಪ್ಪತ್ತು ವರ್ಷ ಕಂತು ಕಟ್ಟುವುದಿಲ್ಲವೇ, ಅದೇ ರೀತಿ. ಇವತ್ತೇ ಕೊಂಡರೆ ಇವತ್ತಿನ ಬೆಲೆ. ನಾಳೆ ಕೊಂಡರೆ ನಾಳೆಯ ಬೆಲೆ. ಉಳಿದ ಕಾಡಿನ ಫಲವನ್ನು ಮುಂದಿನ ಪೀಳಿಗೆಯೂ ಪಡೆಯುವುದರಿಂದ ಸಾಲದ ಭಾರದಲ್ಲಿ ಅವರ ಪಾಲೂ ಇರಲಿ ಎಂಬುದು ಇದರ ಹಿಂದಿನ ವಿಚಾರ.

ಇಲ್ಲಿ ಮೆಚ್ಚಬೇಕಾದ ಸಂಗತಿ ಒಂದಿದೆ. ಯೋಜನೆಗೆ ಸಹಿ ಹಾಕಿದ ಮಾರ್ಟಿನೆಜ್ ರಿಪಬ್ಲಿಕನ್ ಪಕ್ಷದವರು. ಅದೇ ವರ್ಷದ ನವೆಂಬರಿನಲ್ಲಿ ಅವರನ್ನು ಸೋಲಿಸಿ ಬಂದ ಲಾಟನ್ ಚೈಲ್ಸ್ ಡೆಮಾಕ್ರಟಿಕ್ ಪಕ್ಷದವರು. ಸರ್ಕಾರ ಬದಲಾದರೂ ಯೋಜನೆ ನಿಲ್ಲಲಿಲ್ಲ. ಹತ್ತು ವರ್ಷದಲ್ಲಿ 17 ಲಕ್ಷಕ್ಕೂ ಹೆಚ್ಚು ಎಕರೆ ಸಂರಕ್ಷಣೆಗೆ ಒಳಪಟ್ಟಿತು. ಸರಾಸರಿ ಬೆಲೆ ಎಕರೆಗೆ 1,500 ಡಾಲರಿಗೂ ಮೀರಿತು. ಕಾಲು ಡಾಲರಿಗೆ ಎಕರೆ ಮಾರಿದ್ದ ರಾಜ್ಯ ಈಗ ಮರಳಿ ಕೊಳ್ಳುತ್ತಿದ್ದ ದರ ಇದು!

1998ರಲ್ಲಿ ಶೇಕಡ 70ಕ್ಕೂ ಹೆಚ್ಚು ಮತದಾರರು ಸಂರಕ್ಷಣೆಗಾಗಿ ಸಾಲ ಎತ್ತುವ ಅವಕಾಶವನ್ನು ಮುಂದುವರಿಸಲು ಒಪ್ಪಿದರು. 1999ರಲ್ಲಿ ರಾಜ್ಯಪಾಲ ಜೆಬ್ ಬುಷ್ ಅವರ ಸಹಿಯೊಂದಿಗೆ ‘ಫ್ಲಾರಿಡಾ ಫಾರೆವರ್’ ಎಂಬ ಮುಂದಿನ ಯೋಜನೆ ಬಂತು. ವರ್ಷಕ್ಕೆ ಅದೇ 30 ಕೋಟಿ ಡಾಲರ್, ಮತ್ತೆ ಹತ್ತು ವರ್ಷ. ‘ಫಾರೆವರ್’ ಎಂದರೆ ಎಂದೆಂದಿಗೂ ಎಂದರ್ಥ. ಹೆಸರೇನೋ ಎಂದೆಂದಿಗೂ, ಹಣ ಮಾತ್ರ ಹಾಗಿರಲಿಲ್ಲ.

ಹಲ್ಲಿದ್ದಾಗ ಕಡಲೆ ಇಲ್ಲ

2000ದ ನಂತರ ಫ್ಲಾರಿಡಾದಲ್ಲಿ ಮನೆ, ನಿವೇಶನಗಳ ಬೆಲೆ ಹುಚ್ಚುಹೊಳೆಯಂತೆ ಏರಿತು. ಮುದ್ರಾಂಕ ತೆರಿಗೆಯ ಆದಾಯ 2005–06ರಲ್ಲಿ ಸುಮಾರು 406 ಕೋಟಿ ಡಾಲರಿಗೆ ಮುಟ್ಟಿತು. ಆಮೇಲೆ ಕುಸಿತ. 2009–10ಕ್ಕೆ ಅದು ಸುಮಾರು 108 ಕೋಟಿ ಡಾಲರ್. ನಾಲ್ಕು ವರ್ಷದಲ್ಲಿ ನಾಲ್ಕರಲ್ಲಿ ಮೂರು ಪಾಲು ಮಾಯ!

ಇದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಭೂಮಿಯ ಬೆಲೆ ಏರಿದಾಗ ತೆರಿಗೆಯ ಹಣ ಧಾರಾಳವಾಗಿ ಬಂತು, ಆದರೆ ಆ ಹಣಕ್ಕೆ ಸಿಗುವ ಎಕರೆಗಳು ಕಡಿಮೆಯಾದವು. ಬೆಲೆ ಬಿದ್ದಾಗ ಒಳ್ಳೊಳ್ಳೆಯ ಕಾಡು, ಹುಲ್ಲುಗಾವಲು ಅಗ್ಗಕ್ಕೆ ಸಿಗುವಂತಾಯಿತು. ಮಾರಲು ಮಾಲೀಕರೂ ಸಿದ್ಧರಿದ್ದರು. ಆದರೆ ಕೊಳ್ಳಲು ನಿಧಿಯಲ್ಲಿ ಹಣವಿರಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆ ಫ್ಲಾರಿಡಾಕ್ಕೆ ಅಕ್ಷರಶಃ ಅನ್ವಯಿಸಿತು. ಇದರ ಜೊತೆಗೆ ಹಿಂದೆ ಎತ್ತಿದ ಸಾಲದ ಕಂತು ನಿಲ್ಲುವಂತಿರಲಿಲ್ಲ. ಆದಾಯ ಕುಗ್ಗಿದರೂ ಕಂತು ಅಷ್ಟೇ. ಕಂತು ಕಟ್ಟಿದ ಮೇಲೆ ಹೊಸದಾಗಿ ಕೊಳ್ಳಲು ಉಳಿಯುವುದೇನು?

2008ರಲ್ಲಿ ಶಾಸನಸಭೆ ‘ಫ್ಲಾರಿಡಾ ಫಾರೆವರ್’ ಯೋಜನೆಯನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಮರುವರ್ಷ, 2009ರಲ್ಲಿ, ಅದಕ್ಕೆ ಕೊಟ್ಟ ಹೊಸ ಹಣ ಸೊನ್ನೆ. 2010ರಲ್ಲಿ 1.5 ಕೋಟಿ ಡಾಲರ್. ಯೋಜನೆ ಕಾಗದದ ಮೇಲೆ ಜೀವಂತ, ಖಜಾನೆಯಲ್ಲಿ ನಿರ್ಜೀವ.

ಇದೇ ಸಮಯದ ಇನ್ನೊಂದು ಉದಾಹರಣೆಯನ್ನು ನೋಡಿ. 2008ರ ಜೂನ್‌ನಲ್ಲಿ ರಾಜ್ಯಪಾಲ ಚಾರ್ಲಿ ಕ್ರಿಸ್ಟ್ ಎವರ್‌ಗ್ಲೇಡ್ಸಿನ ಪುನರುಜ್ಜೀವನಕ್ಕಾಗಿ ದೊಡ್ಡ ಸಕ್ಕರೆ ಕಂಪನಿಯೊಂದರಿಂದ ಸುಮಾರು 1,87,000 ಎಕರೆಯನ್ನು 175 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿದರು. ಇದರ ಹಣ ಬೇರೆ ಚೀಲದ್ದು, ದಕ್ಷಿಣ ಭಾಗದ ಜಲ ನಿರ್ವಹಣಾ ಮಂಡಳಿ ವಸೂಲಿ ಮಾಡುವ ಆಸ್ತಿ ತೆರಿಗೆಯದು. ಆರ್ಥಿಕ ಕುಸಿತದ ಬಿಸಿ ಅದಕ್ಕೂ ತಟ್ಟಿತು. 2010ರಲ್ಲಿ ವ್ಯವಹಾರ ಮುಗಿದಾಗ ಕೈಗೆ ಬಂದದ್ದು ಸುಮಾರು 26,800 ಎಕರೆ, ಕೊಟ್ಟ ಹಣ 19.7 ಕೋಟಿ ಡಾಲರ್.

2013ರಲ್ಲಿ ಮತ್ತೊಂದು ಉಪಾಯ ನಡೆಯಿತು. ಹಿಂದೆ ಕೊಂಡಿದ್ದ ಭೂಮಿಯಲ್ಲಿ ಅಷ್ಟೇನೂ ಮುಖ್ಯವಲ್ಲದ್ದನ್ನು ಮಾರಿ, ಬಂದ ಹಣದಲ್ಲಿ ಮುಖ್ಯವಾದದ್ದನ್ನು ಕೊಳ್ಳೋಣ ಎಂದು ಸರ್ಕಾರ ಪಟ್ಟಿ ತಯಾರಿಸಿತು. ಯಾವುದು ಮುಖ್ಯವಲ್ಲ ಎಂಬ ಬಗ್ಗೆ ಜನರ ಆಕ್ಷೇಪಣೆಗಳು ಬಂದವು. ಪಟ್ಟಿ ಕರಗಿತು, ನಿರೀಕ್ಷಿಸಿದ ಹಣ ಬರಲಿಲ್ಲ.

ಜನರು ಬರೆಸಿದ ತಿದ್ದುಪಡಿ

ಅಮೆರಿಕದಲ್ಲಿ ಪ್ರತಿಯೊಂದು ರಾಜ್ಯಕ್ಕೂ ಅದರದೇ ಆದ ಸಂವಿಧಾನವಿದೆ. ಫ್ಲಾರಿಡಾದಲ್ಲಿ ನಿಗದಿಯಾದಷ್ಟು ಮತದಾರರ ಸಹಿ ಸಂಗ್ರಹಿಸಿದರೆ ಜನರೇ ನೇರವಾಗಿ ತಿದ್ದುಪಡಿಯನ್ನು ಚುನಾವಣೆಗೆ ತರಬಹುದು. ಶೇಕಡ 60ರಷ್ಟು ಮತ ಬಂದರೆ ಅದು ಸಂವಿಧಾನದ ಭಾಗವಾಗುತ್ತದೆ.

ಶಾಸನಸಭೆಯ ಕೈಯಲ್ಲಿ ಹಣ ಸುರಕ್ಷಿತವಲ್ಲ ಎಂದು ಭಾವಿಸಿದ ಪರಿಸರ ಸಂಘಟನೆಗಳು ಈ ದಾರಿ ಹಿಡಿದವು. ಕಾರ್ಯಕರ್ತರು ಊರೂರು ತಿರುಗಿ ಸಹಿ ಕೂಡಿಸಿದರು. 2014ರ ನವೆಂಬರ್ 4ರಂದು ‘ಒಂದನೆಯ ತಿದ್ದುಪಡಿ’ ಮತಕ್ಕೆ ಬಂತು. ಮುದ್ರಾಂಕ ತೆರಿಗೆಯ ನಿವ್ವಳ ಆದಾಯದಲ್ಲಿ ಕನಿಷ್ಠ ಶೇಕಡ 33ನ್ನು ಇಪ್ಪತ್ತು ವರ್ಷಗಳ ಕಾಲ ಭೂಮಿ ಮತ್ತು ನೀರಿನ ಸಂರಕ್ಷಣೆಗೆ ಮೀಸಲಿಡಬೇಕು ಎಂಬುದು ಅದರ ತಿರುಳು. ಹೊಸ ತೆರಿಗೆ ಇಲ್ಲ, ಇರುವುದರಲ್ಲಿಯೇ ಪಾಲು. ನಾಲ್ವರಲ್ಲಿ ಮೂವರು ಮತದಾರರು ಹೌದು ಎಂದರು. 42 ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು.

ಗೆದ್ದವರು ಸಿಹಿ ಹಂಚಿದ್ದರೆ ಆಶ್ಚರ್ಯವಿಲ್ಲ. ಮೊದಲ ವರ್ಷವೇ 70 ಕೋಟಿ ಡಾಲರಿಗೂ ಹೆಚ್ಚು ಹಣ ಬರುವ ಅಂದಾಜಿತ್ತು. ಆದರೆ 2015ರ ಮುಂಗಡ ಪತ್ರ ಹೊರಬಿದ್ದಾಗ ‘ಫ್ಲಾರಿಡಾ ಫಾರೆವರ್’ಗೆ ದೊರೆತದ್ದು 2 ಕೋಟಿ ಡಾಲರಿಗಿಂತ ಕಡಿಮೆ. 2017ರ ಮುಂಗಡ ಪತ್ರದಲ್ಲಂತೂ ಅದಕ್ಕೆ ಮತ್ತೆ ಸೊನ್ನೆ.

ಒಂದು ವಾಕ್ಯ, ಎರಡು ಅರ್ಥ

ಶೇಕಡ 33ರ ಹಣ ಎಲ್ಲಿ ಹೋಯಿತು? ಕದ್ದುಹೋಯಿತೇ? ಇಲ್ಲ. ತಿದ್ದುಪಡಿಯ ವಾಕ್ಯದಲ್ಲಿ ಭೂಮಿಯನ್ನು ಕೊಳ್ಳುವುದರ ಜೊತೆಗೆ ಪುನರುಜ್ಜೀವನಗೊಳಿಸುವುದು, ಸುಧಾರಿಸುವುದು, ನಿರ್ವಹಿಸುವುದು ಎಂಬ ಪದಗಳೂ ಇದ್ದವು. ಶಾಸನಸಭೆ ಈ ಪದಗಳನ್ನು ವಿಶಾಲವಾಗಿ ಓದಿಕೊಂಡಿತು. ಹಳೆಯ ಸಾಲದ ಕಂತು, ಈಗಾಗಲೇ ಇರುವ ಉದ್ಯಾನಗಳ ಉಸ್ತುವಾರಿ, ಇಲಾಖೆಗಳ ಸಂಬಳ, ವಿಮೆಯಂಥ ಆಡಳಿತ ವೆಚ್ಚ ಇವನ್ನೆಲ್ಲ ಈ ಹಣದಿಂದಲೇ ಭರಿಸಿತು. ಮೊದಲು ಸಾಮಾನ್ಯ ಬೊಕ್ಕಸದಿಂದ ಹೋಗುತ್ತಿದ್ದ ಖರ್ಚು ಈಗ ಮೀಸಲು ನಿಧಿಯ ಮೇಲೆ ಬಿತ್ತು. ಬೊಕ್ಕಸದಲ್ಲಿ ಉಳಿದ ಹಣ ಬೇರೆ ಕಡೆಗೆ ಹೋಯಿತು. ಮಗನ ಓದಿಗೆಂದು ಅಜ್ಜ ಹಣ ಕೊಟ್ಟಾಗ, ಅಪ್ಪ ತಾನು ಕಟ್ಟುತ್ತಿದ್ದ ಶುಲ್ಕವನ್ನು ನಿಲ್ಲಿಸಿಬಿಟ್ಟರೆ ಓದಿಗೆ ಹೆಚ್ಚಾಗಿ ಸಿಕ್ಕಿದ್ದೇನು? ಮೀಸಲು ನಿಧಿಗಳಿಗೆಲ್ಲ ಇರುವ ಅಪಾಯ ಇದೇ.

ಸಂಘಟನೆಗಳು 2015ರಲ್ಲಿ ನ್ಯಾಯಾಲಯಕ್ಕೆ ಹೋದವು. 2018ರ ಜೂನ್‌ನಲ್ಲಿ ಕೆಳಗಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು: ಈ ಹಣ ಹೊಸದಾಗಿ ಭೂಮಿ ಕೊಳ್ಳಲು ಮತ್ತು ಹಾಗೆ ಕೊಂಡ ಭೂಮಿಯನ್ನು ನೋಡಿಕೊಳ್ಳಲು ಮಾತ್ರ ಎಂದಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಹಿಂದೆಯೇ ಕೊಂಡ ಭೂಮಿಯ ನಿರ್ವಹಣೆಗೂ ಹಣ ಬಳಸಬಹುದು ಎಂದಿತು. ಮೊಕದ್ದಮೆ ಮರಳಿ ಕೆಳಗಿನ ನ್ಯಾಯಾಲಯಕ್ಕೆ ಬಂದು, 2022ರಲ್ಲಿ ವಜಾ ಆಯಿತು. ವಿವಾದದ ವರ್ಷಗಳ ಹಣ ಆ ವೇಳೆಗೆ ಹಿಂತಿರುಗಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಇನ್ನೊಂದು ಬದಿಯ ಮಾತು

ಇತಿಹಾಸದ ವಿದ್ಯಾರ್ಥಿಗಳು ಎರಡೂ ಕಡೆಯ ಮಾತನ್ನು ಕೇಳಬೇಕು. ಶಾಸಕರ ವಾದದಲ್ಲಿಯೂ ಹುರುಳಿಲ್ಲದೆ ಇಲ್ಲ. ಭೂಮಿ ಕೊಳ್ಳುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ಪ್ರತಿದಿನದ ಕೆಲಸ. ಫ್ಲಾರಿಡಾದ ದೇವದಾರು ಕಾಡುಗಳಿಗೆ ಕೆಲವು ವರ್ಷಗಳಿಗೊಮ್ಮೆ ಹತೋಟಿಯಲ್ಲಿ ಬೆಂಕಿ ಹಾಕಬೇಕು. ಇಲ್ಲದಿದ್ದರೆ ಒಣಗಿದ ತರಗು ಕೂಡಿ ದೊಡ್ಡ ಕಾಳ್ಗಿಚ್ಚಾಗುತ್ತದೆ. ಹೊರದೇಶದ ಕಳೆಗಿಡಗಳನ್ನು ಕೀಳುತ್ತಿರಬೇಕು. ಇದಕ್ಕೆಲ್ಲ ಆಳು, ಯಂತ್ರ, ಸಂಬಳ ಬೇಕು. ಸರ್ಕಾರ ಕೊಂಡ ಭೂಮಿಯಿಂದ ಸ್ಥಳೀಯ ಸಂಸ್ಥೆಗಳಿಗೆ ಬರುತ್ತಿದ್ದ ಆಸ್ತಿ ತೆರಿಗೆಯೂ ನಿಲ್ಲುತ್ತದೆ. 2009–10ರಂಥ ಕಷ್ಟಕಾಲದಲ್ಲಿ ಕೆಲಸ ಕಳೆದುಕೊಂಡವರು, ಶಾಲೆಗಳು, ಆಸ್ಪತ್ರೆಗಳು ಎದುರಿಗೆ ನಿಂತಿರುವಾಗ ಕಾಡು ಕೊಳ್ಳುವುದನ್ನು ಮುಂದೂಡುವುದು ಅಷ್ಟು ದೊಡ್ಡ ಅಪರಾಧವೇ ಎಂದು ಅವರು ಕೇಳುತ್ತಾರೆ.

ಉತ್ತರ ಸುಲಭವಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಮುಂದೂಡಿದ ರಸ್ತೆಯನ್ನು ಮರುವರ್ಷ ಹಾಕಬಹುದು. ಆದರೆ ಈ ವರ್ಷ ಬಡಾವಣೆಯಾದ ಜೌಗನ್ನು ಮರುವರ್ಷ ಮರಳಿ ಜೌಗು ಮಾಡುವುದು ಬಹಳ ಕಷ್ಟ. ಕಿಸಿಮಿ ನದಿಯ ಉದಾಹರಣೆ ನಿಮ್ಮ ಮುಂದಿದೆ.

ಖರ್ಚು ಕಡಿಮೆ ಮಾಡುವ ದಾರಿಗಳನ್ನೂ ಫ್ಲಾರಿಡಾ ಹುಡುಕಿತು. 2001ರ ಒಂದು ಕಾನೂನಿನಂತೆ ಇಡೀ ಭೂಮಿಯನ್ನು ಕೊಳ್ಳದೆ, ಅದರ ಮೇಲೆ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಸರ್ಕಾರ ಕೊಳ್ಳಬಹುದು. ರೈತ ತನ್ನ ದನಕರು ಮೇಯಿಸಿಕೊಂಡು ಅಲ್ಲಿಯೇ ಇರುತ್ತಾನೆ, ತೆರಿಗೆಯನ್ನೂ ಕಟ್ಟುತ್ತಾನೆ. ಬಡಾವಣೆ ಮಾತ್ರ ಏಳುವಂತಿಲ್ಲ. 2021ರಲ್ಲಿ ‘ವನ್ಯಜೀವಿ ಕಾರಿಡಾರ್’ ಕಾನೂನು ಬಂತು. ಸುಮಾರು 1 ಕೋಟಿ 80 ಲಕ್ಷ ಎಕರೆಯ ಕಾಡು, ಜೌಗು, ಹುಲ್ಲುಗಾವಲುಗಳನ್ನು ಒಂದಕ್ಕೊಂದು ಹೊಂದಿಕೊಂಡಂತೆ ಉಳಿಸುವುದು ಅದರ ಗುರಿ. ಫ್ಲಾರಿಡಾದ ಪ್ಯಾಂಥರ್ ಎಂಬ ದೊಡ್ಡ ಕಾಡುಬೆಕ್ಕು ಒಂದು ಕಾಲಕ್ಕೆ ಕೆಲವೇ ಹತ್ತುಗಳ ಸಂಖ್ಯೆಗೆ ಇಳಿದಿತ್ತು. ಅದು ದಕ್ಷಿಣದಿಂದ ಉತ್ತರಕ್ಕೆ ಸಂಚರಿಸಲು ಇಂಥ ಜೋಡಣೆ ಬೇಕು. ಆ ವರ್ಷ ಭೂಖರೀದಿಗೆ 30 ಕೋಟಿ ಡಾಲರಿಗೂ ಹೆಚ್ಚು ಹಣ ದೊರೆಯಿತು. 2024ರಲ್ಲಿ ಇನ್ನೊಂದು ಮೂಲ ಸೇರಿತು. ಅಲ್ಲಿಯ ಮೂಲನಿವಾಸಿ ಸೆಮಿನೋಲ್ ಜನಾಂಗ ನಡೆಸುವ ಜೂಜುಗೃಹಗಳಿಂದ ರಾಜ್ಯಕ್ಕೆ ಬರುವ ಪಾಲಿನಲ್ಲಿ ಒಂದಂಶವನ್ನು ಕಾರಿಡಾರಿಗೆ ಕೊಡುವ ಕಾನೂನಾಯಿತು. ಈಜುಡುಗೆಯಿಂದ ಫಾಸ್ಫೇಟಿಗೆ, ಅಲ್ಲಿಂದ ಮುದ್ರಾಂಕಕ್ಕೆ, ಈಗ ಜೂಜಿಗೆ! ಅರವತ್ತು ವರ್ಷಗಳಿಂದ ನಡೆದಿರುವುದು ಒಂದೇ ಹುಡುಕಾಟ.

ನಮ್ಮ ಶಾಸನಗಳು ಹೇಳುವುದೇನು?

ಒಂದು ಆದಾಯವನ್ನು ಒಂದು ಕೆಲಸಕ್ಕೆ ಕಟ್ಟಿಹಾಕುವ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಊರುಗಳ ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ ನಿಂತಿರುವ ಕಲ್ಲುಗಳನ್ನು ಓದಿದರೆ ಬಿತ್ತುವಟ್ಟ, ದಶವಂದ, ಕೊಡಗೆ ಎಂಬ ಪದಗಳು ಸಿಗುತ್ತವೆ. ಕೆರೆ ಕಟ್ಟಿಸಿದವರಿಗೆ, ಅದನ್ನು ದುರಸ್ತಿ ಮಾಡಿ ನೋಡಿಕೊಳ್ಳುವವರಿಗೆ ಗದ್ದೆಯನ್ನೋ ಬೆಳೆಯ ಒಂದು ಪಾಲನ್ನೋ ಬಿಟ್ಟುಕೊಟ್ಟ ದಾಖಲೆಗಳಿವು. ದತ್ತಿಗೆ ತಪ್ಪಿದವರಿಗೆ ಘೋರ ಪಾಪ ತಟ್ಟಲಿ ಎಂಬ ಶಾಪದ ಮಾತನ್ನೂ ಅನೇಕ ಶಾಸನಗಳ ಕೊನೆಯಲ್ಲಿ ಕೆತ್ತಿರುತ್ತಾರೆ.

ಈ ಎರಡು ವ್ಯವಸ್ಥೆಗಳನ್ನು ಹೋಲಿಸಿ ನೋಡಿ. ಕೆರೆ ಚೆನ್ನಾಗಿದ್ದರೆ ಗದ್ದೆ ಬೆಳೆಯುತ್ತದೆ; ಗದ್ದೆ ಬೆಳೆದರೆ ಕೆರೆಯನ್ನು ನೋಡಿಕೊಳ್ಳುವವನ ಪಾಲೂ ಬೆಳೆಯುತ್ತದೆ. ಕಾಯುವ ವಸ್ತುವೂ ಕಾಯುವ ಹಣವೂ ಒಂದೇ ದಿಕ್ಕಿಗೆ ಸಾಗುತ್ತವೆ. ಫ್ಲಾರಿಡಾದಲ್ಲಿ ಹಾಗಲ್ಲ. ಅಲ್ಲಿ ನೆಲ ಹೆಚ್ಚು ಮಾರಾಟವಾದಷ್ಟೂ, ಕಟ್ಟಡ ಹೆಚ್ಚು ಎದ್ದಷ್ಟೂ ನಿಧಿ ತುಂಬುತ್ತದೆ. ಯಾವುದರಿಂದ ಅಪಾಯವೋ ಅದರ ಮೇಲೆಯೇ ರಕ್ಷಣೆಯೂ ಅವಲಂಬಿಸಿದೆ. ಇದು ಆ ಯೋಜನೆಯ ಬಲವೂ ಹೌದು, ದೌರ್ಬಲ್ಯವೂ ಹೌದು.

ಕನ್ನಡದಲ್ಲಿ ‘ಶಾಸನ’ ಎಂದರೆ ಕಲ್ಲಿನ ಬರಹವೂ ಹೌದು, ಸಭೆ ಮಾಡುವ ಕಾನೂನೂ ಹೌದು. ಎರಡರ ವಿಷಯದಲ್ಲಿಯೂ ಒಂದು ಮಾತು ನಿಜ. ಬರೆದದ್ದು ಉಳಿಯುತ್ತದೆ, ಬರೆದಂತೆ ನಡೆಯುವುದು ಮಾತ್ರ ಆಯಾ ಕಾಲದ ಜನರ ಎಚ್ಚರಿಕೆಗೆ ಬಿಟ್ಟದ್ದು. ದತ್ತಿಯ ಕಲ್ಲು ನೆಟ್ಟಗೆ ನಿಂತಿದ್ದು ಪಕ್ಕದ ಕೆರೆಯಲ್ಲಿ ಹೂಳು ತುಂಬಿರುವುದನ್ನು ನೀವು ನೋಡಿರಬಹುದು. ಫ್ಲಾರಿಡಾದ ಜನ ಮತದಾನದ ದಿನ ಎಚ್ಚರವಾಗಿದ್ದರು. ಆದರೆ ಆ ಮತದ ಬೆಲೆ ನಿರ್ಧಾರವಾದದ್ದು ಅನಂತರದ ಪ್ರತಿ ವರ್ಷದ ಮುಂಗಡ ಪತ್ರದಲ್ಲಿ. ಅವರ ಇಪ್ಪತ್ತು ವರ್ಷಗಳ ಅವಧಿ 2035ರಲ್ಲಿ ಮುಗಿಯುತ್ತದೆ. ಆಗ ಅವರು ಮತ್ತೆ ಮೊದಲಿನಿಂದ ಯೋಚಿಸಬೇಕು.

ಮಿತ್ರರೇ, ಮುಂದಿನ ಸಲ ಪತ್ರಿಕೆಯಲ್ಲಿ ಕಾಡಿಗಾಗಲಿ ಕೆರೆಗಾಗಲಿ ಇಂತಿಷ್ಟು ಕೋಟಿ ಎಂಬ ಸುದ್ದಿ ಓದಿದಾಗ ಅಲ್ಲಿಗೇ ನಿಲ್ಲಿಸಬೇಡಿ. ಹಣದ ಮೂಲ ಯಾವುದು, ಕಷ್ಟದ ವರ್ಷದಲ್ಲಿಯೂ ಅದು ಬರುತ್ತದೆಯೇ, ಯಾವ ಪದಗಳಲ್ಲಿ ಅದನ್ನು ಮೀಸಲಿಡಲಾಗಿದೆ, ಕೊನೆಗೆ ಖರ್ಚಾದದ್ದು ಎಲ್ಲಿ ಎಂದು ಕೇಳಿ. ಇತಿಹಾಸವನ್ನು ಓದಿದವರು ಕೇಳಬೇಕಾದ ಪ್ರಶ್ನೆಗಳಿವು.

ನೀವೇ ಯೋಚಿಸಿ

1. ನಿಮ್ಮ ಊರಿನ ಅಥವಾ ಹತ್ತಿರದ ಊರಿನ ಕೆರೆಯ ಬಳಿ ಶಾಸನವಿದೆಯೇ? ಅದರಲ್ಲಿ ಕೆರೆಗೆ ಬಿಟ್ಟ ಭೂಮಿಯ ಉಲ್ಲೇಖವಿದೆಯೇ ಎಂದು ಹಿರಿಯರನ್ನೂ ಅಧ್ಯಾಪಕರನ್ನೂ ಕೇಳಿ ತಿಳಿಯಿರಿ.

2. ಕಷ್ಟಕಾಲದಲ್ಲಿ ಆಸ್ಪತ್ರೆಗೋ ಕಾಡಿಗೋ ಎಂಬ ಪ್ರಶ್ನೆ ಬಂದಾಗ ನೀವು ಶಾಸಕರಾಗಿದ್ದರೆ ಏನು ಮಾಡುತ್ತಿದ್ದಿರಿ? ತರಗತಿಯಲ್ಲಿ ಎರಡು ಗುಂಪುಗಳಾಗಿ ಚರ್ಚಿಸಿ.

3. ಬೆಲೆ ಬಿದ್ದ ಕಾಲದಲ್ಲಿಯೂ ಬರಿದಾಗದಂತೆ ಒಂದು ಸಂರಕ್ಷಣಾ ನಿಧಿಯನ್ನು ಹೇಗೆ ಕಟ್ಟಬಹುದು? ಒಂದು ಪುಟದಲ್ಲಿ ಬರೆಯಿರಿ.